ಮೂಲಪ್ರತಿ ಲಗತ್ತಿಸಿದೆ

ನಿಯಮ ಏಳು: ಮೊದಲು ಹೋಗಿ ಬರಬೇಕು,
ಆಮೇಲೆ ಹಣ.
ಓದಿ ಹೇಳಿದವನು ನಾನೇ, ಸಂಶೋಧನಾ ವಿಭಾಗದ ಗುಮಾಸ್ತ,
ಹಾಸನ ಬಿಟ್ಟರೆ ಧರ್ಮಸ್ಥಳ ಕಂಡವನು.

"ಹೋಗೋಕೇ ಅಲ್ವಾ ಸಾರ್ ದುಡ್ಡು ಕೇಳ್ತಿರೋದು?"
ಅಂದಳು ಮುಬೀನಾ, ಎಂಟೆಕ್ ಎರಡನೇ ವರ್ಷ,
ನೀರು ಬಿಟ್ಟಾಗ ಗೊರೂರಿನ ಗೇಟು
ಯಾಕೆ ನಡುಗುತ್ತದೆಂದು ಬರೆದವಳು.
ಜಪಾನಿನವರು ಒಪ್ಪಿದರು. ನಮ್ಮ ಕಡತ ಒಪ್ಪಲಿಲ್ಲ.

ಅವಳಪ್ಪ ಆಲೂಗಡ್ಡೆ ಮಂಡಿಯಲ್ಲಿ ಮುಂಗಡ ಎತ್ತಿದರು;
ಸೀಸನ್ ಮುಗಿಯುವ ತನಕ
ತೂಕ ಹಾಕುವುದು, ಕೂಲಿ ಕೇಳುವಂತಿಲ್ಲ.

ಹೋದಳು. ಬಂದಳು.
ನಾಲ್ಕು ಬೋರ್ಡಿಂಗ್ ಪಾಸು,
ಬಿಳಿ ಹಾಳೆಗೆ ಗೋಂದು ಸವರಿ ನಾನೇ ಅಂಟಿಸಿದೆ,
ಕೈ ಪ್ಯಾಂಟಿಗೆ ಒರೆಸಿಕೊಂಡು.

ಆಡಿಟ್ ಬಂದದ್ದು ಒಂಬತ್ತು ತಿಂಗಳಿಗೆ.
ಅಷ್ಟರಲ್ಲಿ ಅಕ್ಷರವೆಲ್ಲ ಹಾರಿಹೋಗಿ
ಬರೀ ಬಿಳಿ ಚೀಟಿ.
"ಪ್ರಯಾಣ ಮಾಡಿದ್ದಕ್ಕೆ ಪುರಾವೆ ಏನ್ರೀ?"

ಡ್ರಾಯರಿನಲ್ಲಿದೆ ವಿಮಾನದ ಸಕ್ಕರೆ ಪೊಟ್ಟಣ,
"ನಿಮಗೇಂತ ಎತ್ತಿಟ್ಕೊಂಡೆ ಸಾರ್" ಅಂತ ಕೊಟ್ಟದ್ದು.
ಕಡತಕ್ಕೆ ಸೇರಿಸುವಂತಿಲ್ಲ.
ಟೀಗೆ ಹಾಕಿಕೊಳ್ಳಲು ಮನಸ್ಸಿಲ್ಲ.

ಆಕ್ಷೇಪಣೆಯ ಎದುರು ಪೆನ್ಸಿಲಿನಲ್ಲಿ ಬರೆದು
ಅಳಿಸಿದ್ದೇನೆ ಎರಡು ಸಲ:
ಹುಡುಗಿ ಹೋಗಿದ್ದು ನಿಜ, ಮಾನ್ಯರೇ.
ಗೇಟು ಇನ್ನೂ ನಡುಗುತ್ತಿದೆ.