ವಾಪಸ್ ಬಂದ ಪೀಸು

ಮರಾಠ್ಯಾಗ ಪಿಶವಿ ಅಂತಾರ, ನಾವು ಚೀಲ ಅಂತೀವಿ.
ಯಾವ ಭಾಷೆಯೊಳಗ ಕೇಳಿದ್ರೂ
ಸಂತಿಗೆ ಹೊಂಟಂಗ ಅನಸತದ.
ಗಂಟಾಗೇದ, ತಗದ ಬಿಡೂಣು ಅಂದ್ರು. ತಗದ್ರು.
ಎಂಟು ದಿನ ಛಲೋ ಇದ್ದೆ.

ಒಂಬತ್ತನೇ ದಿನ ಮುಂಜಾನೆ ಹಾಸಿಗಿ ತೊಯ್ದಿತ್ತು.
ಬಗಲಾಗ ಮಲಗಿದ್ದ ಮೊಮ್ಮಗಳಿಗೆ ಬೈದೆ.
ಅದು ಎದ್ದು ಫ್ರಾಕ್ ಮುಟ್ಟಿ ನೋಡಕೊಂಡು
ಅಜ್ಜಿ, ನಂದು ಒಣಗೇ ಅದ ಅಂತು.

ಕೆಮ್ಮಬೇಕಂತಿಲ್ಲ, ನಗಬೇಕಂತಿಲ್ಲ,
ಸುಮ್ಮ ಕುಂತ್ರೂ ಸೋರತದ.
ಮೋರಿಗೂ ಹೋಗತೀನಿ ಮೊದಲಿನಂಗ;
ಅದು ಬ್ಯಾರೆ, ಇದು ಬ್ಯಾರೆ.

ಅಕ್ಕಲಕೋಟ ರೋಡಿನ ಶೆಡ್ಡಿನ್ಯಾಗ
ಸಾಲಿ ಹುಡುಗರ ಚಡ್ಡಿಗೆ ಕಿಸೆ ಹಚ್ಚಾಕಿ ನಾನು, ಹದಿನೇಳು ವರ್ಷ.
ಖಾಕಿ ಚಿಂದಿ, ಬಿಳಿ ಚಿಂದಿ ಮಡಚಿ ಇಟಗೊಂಡು
ಸ್ಟೂಲಿನ ಮ್ಯಾಲೆ ಕುಂದರತೀನಿ.
ವಳಸಂಗದ ಬಸ್ಸಿನ್ಯಾಗ ಸೀಟು ಖಾಲಿ ಇದ್ರೂ ನಿಂತು ಬರತೀನಿ.
ಸುಗಲಾಬಾಯಿ ಎದ್ದು ಕಿಡಕಿ ತಗದ್ಲು, ಏನೂ ಅನಲಿಲ್ಲ.
ಅಂದಿದ್ರ ಆಗತಿತ್ತು ಒಂದ ಮಾತು.

ಸೊಲ್ಲಾಪುರದ ಸಿವಿಲ್ ದವಾಖಾನಿ. ಹುಡುಗಿ ಡಾಕ್ಟರ್.
ಮೂರು ಅರಳಿ ಉಂಡಿ ಒಂದರ ಮ್ಯಾಲೊಂದು ಇಟ್ಟು
ಉಚ್ಚಿ ಚೀಲಕ್ಕ ನೀಲಿ ನೀರು ಬಿಟ್ಲು
(ಅಂದ್ರ ಇನ್ನೂ ಒಂದು ಚೀಲ ಉಳದದ ನನ್ನಲ್ಲಿ).
ಅಡ್ಡಾಡು ಅಂದ್ಲು. ವರಾಂಡಾದಾಗ ಅಡ್ಡಾಡಿದೆ,
ಧೋತರಕ್ಕ ಹಾಕೂ ನೀಲಿ ಹೊಟ್ಟ್ಯಾಗ ತುಂಬಕೊಂಡು.

ತಗದು ನೋಡಿದ್ರ ಮೂರೂ ಬೆಳ್ಳಗ.
ಮ್ಯಾಲಿಂದಷ್ಟು ತೊಯ್ದದ, ನೀಲಿ ಇಲ್ಲ.
ಆಕಿ ಮಾರಿ ಸಣ್ಣಾತು.
ಚೀಲ ಗಟ್ಟಿ ಅದ, ಮೂತ್ರಪಿಂಡದಿಂದ ಇಳಿಯೂ
ಎಡಗಡಿ ನಳ ಹೊಲಿಗಿಯೊಳಗ ಸಿಕ್ಕಿರಬೇಕು.
ಸಾವಿರಕ್ಕ ಒಬ್ಬರಿಗೆ ಹಿಂಗ ಆಗತದ, ಕಾಕು.

ಸಾವಿರ ಪೀಸಿಗೆ ಒಂದು. ಆ ಲೆಕ್ಕ ನನಗ ಗೊತ್ತದ.
ಕಿಸೆ ಹಚ್ಚೂಮುಂದ ಕೆಳಗಿನ ಅರಿವಿ ಮಡಚಿ ಬಂದು
ಸೂಜಿಗೆ ಸಿಗತದ, ಕಣ್ಣಿಗೆ ಕಾಣಂಗಿಲ್ಲ.
ಚೆಕ್ಕರ್ ಮಾರಿಮ್ಯಾಲೆ ಒಗೀತಾನ,
ಉಚ್ಚಿ ಹೊಲಿ, ಪಗಾರದಾಗ ಕಟ್.
ಹೊಲಿಗಿ ಬಿಟ್ರೂ ನಮ್ಮಲ್ಲಿ ಉಚ್ಚಿತು ಅಂತಾರ.
ಮೊದಲೇ ಗೊತ್ತಿತ್ತೇನು ಯಾರಿಗರೆ?

ಮುಂದಿನ ತಿಂಗಳು ಮತ್ತ ಹೊಟ್ಟಿ ಕೊಯ್ತಾರಂತ.
ಮೊದಲ ಹೊಲದವನ ಬಿಲ್ಲು ಟ್ರಂಕಿನ್ಯಾಗದ,
ಮೂವತ್ತೆರಡು ಸಾವಿರ, ಪೂರಾ ಕೊಟ್ಟದ್ದು.

ಈಗ ಮೊಮ್ಮಗಳು ಎದ್ದಕೂಡಲೆ
ತನ್ನ ಫ್ರಾಕ್ ಮುಟ್ಟತದ, ಆಮ್ಯಾಲೆ ನನ್ನ ಸೀರಿ.
ಇವತ್ತ ನಂದೇ ಅಜ್ಜಿ, ಅಂತದ
ದೊಡ್ಡ ದನಿಲೆ,
ಅಡಗಿಮನಿಗೆ ಕೇಳೂಹಂಗ.