ಕೋಷ್ಟಕದಲ್ಲಿ ಒಂಬತ್ತು ಖಾಲಿ ಮನೆ

ಜೂನ್ ಎರಡನೇ ವಾರ, ಕಾರವಾರ.
ಕೊಡೆಗಳೆಲ್ಲ ವರಾಂಡದಲ್ಲಿ ನೀರಿಳಿಸುತ್ತ ಒರಗಿವೆ.
ಒಳಗೆ ಮೂವತ್ತೆಂಟು ಮಂದಿ, ಮೊದಲ ಪಿಯುಸಿ, ಕಾಮರ್ಸು.
ಬೋರ್ಡಿನ ಮೇಲೆ ಬರೆದೆ: ಸಂಖ್ಯಾಶಾಸ್ತ್ರ.
ಹಿಂದಿನ ಬೆಂಚಿನಿಂದ ಒಂದು ನಿಟ್ಟುಸಿರು.
ಅದೇ ಈ ವರ್ಷದ ಮೊದಲ ದತ್ತಾಂಶ.

ತರಬೇಕಾದದ್ದು ಇನ್ನೂರು ಪುಟದ ನೋಟುಬುಕ್ಕು,
ಹತ್ತು ಗ್ರಾಫ್ ಹಾಳೆ, ಕ್ಯಾಲ್ಕುಲೇಟರು (ಅಣ್ಣನದಾದರೂ ನಡೆದೀತು).
ಲೆಕ್ಕದಲ್ಲಿ ಹೇಗೋ ದಾಟಿ ಬಂದವರಿಗೂ ಇಲ್ಲಿ ಜಾಗವಿದೆ,
ಕೂಡಿಸುವುದು, ಭಾಗಿಸುವುದು, ವರ್ಗಮೂಲಕ್ಕೊಂದು ಗುಂಡಿ,
ಅಷ್ಟೇ ಗಣಿತ. ಉಳಿದದ್ದೆಲ್ಲ ಅನುಮಾನ.
ಇದ್ದದ್ದರಿಂದ ಇಲ್ಲದ್ದನ್ನು ಊಹಿಸುವುದೂ ಅನುಮಾನವೇ,
ಊಹಿಸಿದ್ದನ್ನು ನಂಬದಿರುವುದೂ ಅನುಮಾನವೇ.
ಯಾರಿಗೆ ಬರುತ್ತದೆ, ಕೇಳಿದೆ.
"ನಮ್ಮ ಅಮ್ಮನಿಗೆ ಎರಡೂ ಬರುತ್ತದೆ ಮೇಡಂ,"
ಅಂದ ಸಂತಾನ್ ರೆಬೆಲ್ಲೊ.

ಆಗಸ್ಟಿನಲ್ಲಿ ಬೋಟು ಇಳಿದವು.
ಬೈತಖೋಲದ ಧಕ್ಕೆಗೆ ಕರೆದೊಯ್ದೆ, ಕೈಯಲ್ಲಿ ಸ್ಕೇಲು.
ಬುಟ್ಟಿಯ ಮೇಲಿನ ಬಂಗಡೆ ಎತ್ತಬೇಡಿ,
ಮಾರುವವರು ದಪ್ಪನೆಯದನ್ನೇ ಮೇಲಿಡುತ್ತಾರೆ,
ಕಣ್ಣು ಮುಚ್ಚಿ ತಳದವರೆಗೆ ಕೈ ಹಾಕಿ.
ಯಾದೃಚ್ಛಿಕ ಎಂಬ ಒರಟು ಪದಕ್ಕೆ
ಅವತ್ತು ಐಸಿನ ತಣುಪು, ಮೀನಿನ ಲೋಳೆ ಅಂಟಿಕೊಂಡಿತು.

ಐವತ್ತು ಮೀನು ಅಳೆದ ಸಂತಾನನ ಸ್ಕೇಲಿಗೆ
ಮೊದಲ ಸೆಂಟಿಮೀಟರೇ ಇರಲಿಲ್ಲ. ಮುರಿದಿತ್ತು.
ಒಂದರಿಂದ ಶುರು ಮಾಡಿ ಕಳೆಯುವುದ ಮರೆತಿದ್ದ.
ಅವನ ಸರಾಸರಿ ಒಂದು ಸೆಂಟಿಮೀಟರ್ ಸುಳ್ಳು ಹೇಳಿತು,
ಮಾನಕ ವಿಚಲನೆ ಮಾತ್ರ ಸಾಚಾ ಉಳಿಯಿತು.
ಎಲ್ಲರ ಮೇಲೂ ಒಂದೇ ಅಳತೆಯ ಸುಳ್ಳು ಬಿದ್ದರೆ
ನಡುವಿನ ಅಂತರ ಕದಲುವುದಿಲ್ಲ ಮಕ್ಕಳೇ,
ಅಂದುಬಿಟ್ಟೆ. ರಾತ್ರಿ ಊಟಕ್ಕೆ ಕೂತಾಗ ಆ ಮಾತು
ಗಂಟಲಿಗೆ ಸಿಕ್ಕ ತಾರ್ಲೆಯ ಮುಳ್ಳು.

ಅಕ್ಟೋಬರಿಗೆ ಪ್ರಾಜೆಕ್ಟು: ಮನೆಯದೊಂದು ಲೆಕ್ಕ ತನ್ನಿ.
ಕರೆಂಟು ಬಿಲ್ಲು ಬಂದವು, ಮಾವನ ಕ್ರಿಕೆಟ್ಟಿನ ರನ್ನು ಬಂದವು,
ಮಡಗಾಂವ್ ರೈಲು ತಡವಾದ ನಿಮಿಷಗಳು
(ಸರಾಸರಿಗಿಂತ ಮಧ್ಯಾಂಕಕ್ಕೇ ಮರ್ಯಾದೆ ಅಲ್ಲಿ,
ಒಂದು ದಿನ ಅದು ಬರಲೇ ಇಲ್ಲವೆಂಬಷ್ಟು ತಡ).
ತನುಜಾ ಬಾನಾವಳಿಕರ ತಂದದ್ದು ಸೆಪ್ಟೆಂಬರಿನ ಹಾಳೆ,
ಸೊಸೈಟಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರಿನದು.
ಮನೆಮನೆಗೂ ಪೆನ್ಸಿಲ್ಲಿನಲ್ಲಿ ಅವಳ ಅಮ್ಮ
ಮೀನು ಮಾರಿ ಉಳಿಸಿದ ದುಡ್ಡು.
ಎರಡು ಮನೆಗೆ ಸೊನ್ನೆ. ಒಂಬತ್ತು ಮನೆ ಖಾಲಿ.

"ಸೊನ್ನೆ ಅಂದರೆ ಹೋಗಿ, ಏನೂ ಉಳಿಯದೆ ಬಂದದ್ದು.
ಖಾಲಿ ಅಂದರೆ ಹೋಗಲಿಲ್ಲ."
ಯಾಕೆ ಹೋಗಲಿಲ್ಲ, ಹಿಂದಿನಿಂದ ಯಾರೋ.
"ಅದು ಇದರಲ್ಲಿ ಬರೆದಿಲ್ಲ," ಅಂದಳು.

ಅದಕ್ಕೂ ಸೊನ್ನೆ ಹಾಕು, ಅಂದರು ಕೆಲವರು.
ಆ ದಿನಗಳನ್ನೇ ಬಿಟ್ಟುಬಿಡು, ಅಂದರು ಕೆಲವರು.
ಸರಾಸರಿ ತುಂಬು, ಯಾರಿಗೂ ಗೊತ್ತಾಗುವುದಿಲ್ಲ,
ಅಂದ ಮೊದಲ ಬೆಂಚಿನ ಜಾಣ.
ಬೋರ್ಡಿನ ಮೇಲೆ ಮೂರನ್ನೂ ಮಾಡಿದೆವು.
ಒಟ್ಟು ಆರು ಸಾವಿರದ ಮುನ್ನೂರು.
ಸೊನ್ನೆ ಹಾಕಿದರೆ ದಿನಕ್ಕೆ ಇನ್ನೂರ ಹತ್ತು,
ಬಿಟ್ಟರೆ ಮುನ್ನೂರು,
ತುಂಬಿದರೂ ಮುನ್ನೂರೇ. ಆದರೆ ಏರಿಳಿತ ತಗ್ಗಿ
ಆ ಹೆಂಗಸು ಇದ್ದದ್ದಕ್ಕಿಂತ ನೆಮ್ಮದಿಯವಳಾಗಿ ಕಾಣುತ್ತಾಳೆ.
ತನುಜಾ ಮೂರು ಅಮ್ಮಂದಿರನ್ನೂ ನೋಡುತ್ತ ನಿಂತಿದ್ದಳು.

ಪರೀಕ್ಷೆಗೆ ಬರುತ್ತದೆಯೇ ಮೇಡಂ?
ಬರುವುದಿಲ್ಲ. ಪರೀಕ್ಷೆಯ ಕೋಷ್ಟಕದಲ್ಲಿ
ಎಲ್ಲ ಮನೆಗಳೂ ತುಂಬಿರುತ್ತವೆ.

ಗಂಟೆ ಹೊಡೆಯಿತು. ನಾನು ಹಾಜರಿ ಪುಸ್ತಕ ಎತ್ತಿಕೊಳ್ಳುವಾಗ
ಅವಳು ಬಂದು ಸೀಮೆಸುಣ್ಣದ ತುಂಡು ಹಿಡಿದು
ಕೋಷ್ಟಕದ ಕೆಳಗೆ ಸಣ್ಣಗೆ ಬರೆದಳು:
ಒಂಬತ್ತು ದಿನ ಗೊತ್ತಿಲ್ಲ.
ಒಂದು ಗಳಿಗೆ ನಿಂತು, ಅಂಗೈಯಿಂದಲೇ ಉಜ್ಜಿ
ಕೊನೆಯ ಪದ ತಿದ್ದಿದಳು:
ಹೇಳಿಲ್ಲ.