ಇಪ್ಪತ್ತೊಂಬತ್ತಕ್ಕೆ ಸಿಫರ್

ಮುನಿರಾಬಾದಿನ ಡ್ಯಾಂ ಕಾಲೋನಿ, ವರ್ಕ್‌ಶಾಪಿನ ಹಿಂದಿನ ಬಯಲು.
ಸುಣ್ಣದ ಗೆರೆ, ಎರಡು ನೀರಿನ ಪೈಪು, ನಡುವೆ ಬಲೆ.
ನನಗೆ ಒಂಬತ್ತು ವರ್ಷ, ನನ್ನ ಕೆಲಸ ಕರಿಹಲಗೆ.
ಎಡಕ್ಕೆ ಬಳ್ಳಾರಿ ಮಿಲ್ಲು, ಬಲಕ್ಕೆ ನಮ್ಮವರು;
ಕೆಳಗೆ ಒಂದೊಂದು ಸೊನ್ನೆ ಬರೆದು ಕೂತೆ.
ಆ ಹೊತ್ತಿಗೆ ಎರಡೂ ಒಂದೇ ಗಾತ್ರದವು.

ಅವರು ಬಾಲ್ ಬ್ಯಾಡ್ಮಿಂಟನ್ ಆಡಿಯೇ ಉಣ್ಣುವವರು,
ತಲೆಗೆ ಮೂವತ್ತು ರೂಪಾಯಿ, ಬಸ್ ಚಾರ್ಜು ಬೇರೆ.
ಒಬ್ಬನಂತೂ ಬ್ಯಾಟನ್ನು ಕೂಸಿನ ಹಾಗೆ
ದುಪ್ಪಟಿಯಲ್ಲಿ ಸುತ್ತಿಕೊಂಡು ಇಳಿದಿದ್ದ.
ನಮ್ಮವರು ಶಿಫ್ಟು ಮುಗಿಸಿ ಬಂದವರು:
ಫಿಟ್ಟರ್ ಯಂಕೋಬ, ವೆಲ್ಡರ್ ಅಂತೋಣಿ, ಖಲಾಸಿ ಬಂದೇನವಾಜ,
ಕಚೇರಿಯ ಶಾಮಾಚಾರಿ,
ಡ್ಯಾಮಿನ ಗೇಟಿಗೆ ಗ್ರೀಸು ಹಚ್ಚುವ ಹುಲಿಗೆಪ್ಪ.

ಅಂಪೈರು ದಸ್ತಗೀರ್ ಮಾಸ್ತರರು, ನಿಜಾಮರ ಕಾಲದ ಶಾಲೆಯವರು,
ಮೇಜಿನ ಮೇಲಿನ ಕುರ್ಚಿಯಿಂದ ಕೂಗುವರು:
'ಚಾರ್, ಸಿಫರ್.' 'ನೌ, ಸಿಫರ್.'
ಸೊನ್ನೆಗೆ ಅಂಥ ಚಂದದ ಹೆಸರೊಂದಿದೆಯೆಂದು
ಅವತ್ತೇ ನನಗೆ ಗೊತ್ತಾದದ್ದು.

ಹಳದಿ ಉಣ್ಣೆಯ ಚೆಂಡು, ಸದ್ದು ಕಡಿಮೆ.
ಯಂಕೋಬ ಬಗ್ಗುವಷ್ಟರಲ್ಲಿ ಅವನ ಹಿಂದೆ,
ಅಂತೋಣಿ ಹಿಂದಕ್ಕೋಡಿದರೆ ಬಲೆಯ ಬುಡದಲ್ಲಿ.
ಎಡಗಡೆ ಅಳಿಸಿ ಬರೆದು ಅಳಿಸಿ ನನ್ನ ತೋಳೆಲ್ಲ ಬಿಳಿ.
ಬಲಗಡೆ ಮಾಡಲು ಏನೂ ಇರದೆ
ಇದ್ದ ಸೊನ್ನೆಯನ್ನೇ ತಿದ್ದಿದೆ, ಮತ್ತೆ ತಿದ್ದಿದೆ,
ಅದು ಕುಂಬಳದಷ್ಟಾಯಿತು.
ಹದಿನೆಂಟಕ್ಕೆ ಜನ ನಕ್ಕರು. ಇಪ್ಪತ್ತೆರಡಕ್ಕೆ ನಗುವುದನ್ನೂ ಬಿಟ್ಟರು.
ಮಿರ್ಚಿಯವನು ಬಾಣಲೆ ಇಳಿಸಿದ.
ಯಾರದೋ ಅವ್ವ,
'ಇನ್ನಾರ ಬಿಡ್ರಪಾ ಅವರನ್ನ' ಅಂದಳು.

ಇಪ್ಪತ್ತೆಂಟು.
ಆಗ ಬಳ್ಳಾರಿಯ ಮುಂದಾಳು, ನರೆಮೀಸೆಯವನು,
ನಮ್ಮ ಕಡೆ ಒಂದು ಸಲ ನೋಡಿ
ಕೈ ಜಾರಿದಂತೆ ಚೆಂಡನ್ನು ಬಲೆಗೆ ಹೊಡೆದ.
ಅಷ್ಟು ಚೆನ್ನಾಗಿ ಯಾರೂ ತಪ್ಪುವುದಿಲ್ಲ.
'ಅಟ್ಠಾಯಿಸ್, ಏಕ್!'
ಬಯಲಿಗೆ ಬಯಲೇ ಎದ್ದಿತು, ಟೊಪ್ಪಿಗೆಗಳು ಹಾರಿದವು.
ನಾನು ಏನೂ ಹೊಸದಾಗಿ ಬರೆಯಲಿಲ್ಲ.
ಕನ್ನಡದ ಒಂದಲ್ಲವೇ,
ಸೊನ್ನೆಯ ತಳದಲ್ಲಿ ಬೆರಳಗಲ ಒರೆಸಿದೆ, ಬಾಯಿ ತೆರೆಯಿತು, ಒಂದಾಯಿತು.

ಹುಲಿಗೆಪ್ಪ ಆಟ ಬಿಟ್ಟು ನನ್ನ ಕಡೆ ಬಂದ.
'ಮಾಸ್ತರ, ಇದು ನಮ್ಮದಲ್ರಿ. ಕೊಟ್ಟದ್ದು.'
'ಕಾನೂನಿನ ಪ್ರಕಾರ ಪಾಯಿಂಟೇ, ಬೇಟಾ.'
'ಕಾನೂನು ನಿಮ್ಮ ಕಡೀನೇ ಇರ್ಲಿ.'
ನನ್ನ ಕೈಯ ಬಳಪ ಇಸಕೊಂಡ.
ಅಕ್ಷರ ಬಾರದವನು
ಮೂವತ್ಮೂರು ಗೇಟು ಬಲ್ಲ ಕೈಯಿಂದ
ಆ ಬಾಯಿ ಮುಚ್ಚಿದ,
ಹೆಬ್ಬೆರಳಿಂದ ಒತ್ತಿ, ಸಂದಿಲ್ಲದ ಹಾಗೆ.

ನರೆಮೀಸೆಯವನು ತಲೆ ಬಾಗಿಸಿದನೋ, ಬೆವರು ಒರೆಸಿದನೋ.
ಆಮೇಲೆ ಹೊಡೆದದ್ದು ಮಾತ್ರ ಪೂರ್ತಿ ಕೈಯಿಂದ.
ಆ ಒಂದು ಚೆಂಡಿಗೆ ನಮ್ಮ ಐವರೂ ಓಡಿದರು.
ನಾನು ಎಣಿಸಿದೆ, ಹದಿನೇಳು ಸಲ ಬಲೆ ದಾಟಿತು,
ಶಾಮಾಚಾರಿಯ ಚಸ್ಮಾ ಬಿತ್ತು, ಯಾರೂ ಎತ್ತಲಿಲ್ಲ,
ಹದಿನೆಂಟನೆಯದು ನಮ್ಮ ಸುಣ್ಣದ ಗೆರೆಯ ಮೇಲೆ
ಸಣ್ಣ ಹೊಗೆಯೆಬ್ಬಿಸಿ ನಿಂತಿತು.
'ಉನ್ತೀಸ್, ಸಿಫರ್.'

ಕ್ಲಬ್ಬಿನ ದಫ್ತರು ಈಗಲೂ ಇದೆ, ಗೆದ್ದಲು ಅಂಚು ತಿಂದಿದೆ.
ಶಾಮಾಚಾರಿಯ ದುಂಡು ಅಕ್ಷರದಲ್ಲಿ ಲೆಕ್ಕ,
ಅದರಡಿ ನಾಲ್ಕು ಸಹಿ, ಒಂದು ಹೆಬ್ಬೆಟ್ಟು.
ಹೆಬ್ಬೆಟ್ಟಿನ ನಡುವೆ
ಬಳಪದ ಪುಡಿ ಇದ್ದ ಕಡೆ
ಶಾಯಿ ಹಿಡಿದಿಲ್ಲ.